ಆರು ತಿಂಗಳು, ಮೂರು ಸೂಜಿ

ರಕ್ತ ಪರೀಕ್ಷೆ ಮಾಡೋ ಜಾಗದಲ್ಲಿ ನಗೋಕೆ ಏನಿರುತ್ತೆ ಅಂತ ಜನ ಕೇಳ್ತಾರೆ. ಏನಿರಲ್ಲ ಅಂತ ಕೇಳಿ ಸ್ವಾಮಿ! ಲ್ಯಾಬಿಗೆ ಹೆದರದೆ ಬರೋನು ಒಬ್ಬನೂ ಇಲ್ಲ, ಹೆದರಿದ ಮನುಷ್ಯ ಆಡೋ ಮಾತಿಗೆ ತಳ ಬುಡ ಇರಲ್ಲ. ವಾರಕ್ಕೊಂದಾದರೂ ಇಂಥದ್ದು ಆಗದೆ ಹೋದರೆ ನಮ್ಮ ಡಾಕ್ಟರು, “ಏನಯ್ಯಾ, ಜನ ಎಲ್ಲ ಬುದ್ಧಿವಂತರಾಗಿಬಿಟ್ರಾ?” ಅಂತ ಗಾಬರಿಯಿಂದ ಕೇಳೋರು. ಹಾಗೆ ನೋಡಿದರೆ ಎಲ್ಲರಿಗಿಂತ ದೊಡ್ಡ ಪೆದ್ದು ಆದವನು ನಾನೇ. ಅದನ್ನೂ ಮುಚ್ಚಿಡದೆ ಹೇಳ್ತೀನಿ.

ತೊಂಬತ್ತರ ದಶಕದ ಕೊನೆಯ ಮಾತು. ಚಳ್ಳಕೆರೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಒಂದು ರೂಮು, ಒಂದು ಮೈಕ್ರೋಸ್ಕೋಪು, ಬಾಗಿಲಿಗೆ ಹಗ್ಗ ಕಟ್ಟಿದ ಒಂದು ಫ್ರಿಜ್ಜು. ಪ್ರತಿ ಗುರುವಾರ ಡಾಕ್ಟರ ಜೊತೆ ಮೊಳಕಾಲ್ಮೂರಿಗೆ ಹೋಗ್ತಿದ್ದೆ. ಅಲ್ಲಿ ಒಬ್ಬ ನೇಕಾರರ ಮನೆಯ ಮುಂದಿನ ಕೋಣೆಯನ್ನು ಡಾಕ್ಟರು ಕ್ಲಿನಿಕ್ಕಿಗೆ ಹಿಡಿದಿದ್ದರು. ಒಳಗೆ ನಾಲ್ಕು ಮಗ್ಗ, ಹಿತ್ತಿಲಲ್ಲಿ ರೇಷ್ಮೆಗೆ ಬಣ್ಣ ಹಾಕೋ ಹಂಡೆಗಳು. ಮನೆ ಯಜಮಾನರು ಊರಿಗೇ ಹೆಸರಾದ ಬಣ್ಣದವರು. ಅವರಿಗೆ ಒಬ್ಬಳೇ ಮಗಳು. ಬಣ್ಣ ಹಾಕಿದ ವಾರ ಅವಳ ಕೈ ಮೊಣಕೈವರೆಗೂ ನೀಲಿ ಇರ್ತಿತ್ತು. ಆ ನೀಲಿ ಕೈಯಲ್ಲಿ ಅವಳು ತಂದುಕೊಡೋ ಕಾಫಿಗೋಸ್ಕರ ನಾನು ಶುಕ್ರವಾರದಿಂದ ಬುಧವಾರದವರೆಗೆ ಉಸಿರು ಹಿಡಿದು ಬದುಕ್ತಿದ್ದೆ ಅಂದರೆ ಸುಳ್ಳಲ್ಲ. ನಮ್ಮವ್ವನಿಗೂ ಅವರಿಗೂ ದೂರದ ನೆಂಟಸ್ತನ ಬೇರೆ. ಮಾತುಕತೆ ಆಯ್ತು, ಹುಡುಗಿ ನೋಡೋ ಶಾಸ್ತ್ರ ಆಯ್ತು, ತಾಂಬೂಲ ಬದಲಾಯಿಸೋದೊಂದು ಬಾಕಿ. ಆ ತಾಂಬೂಲಕ್ಕೂ ನನಗೂ ನಡುವೆ ಬಂದು ಕೂತಿದ್ದು ಹೆಪಟೈಟಿಸ್ ಬಿ. ಅದಕ್ಕೂ ಮುಂಚೆ, ನಮ್ಮ ಕಡೆ ಜನ ಎಂಥೋರು ಅಂತ ತಿಳಿಯೋಕೆ ಒಂದು ಹೇಳಿಬಿಡ್ತೀನಿ.

ಬೆಂಗಳೂರಿಗೆ ಹೋದ ರಕ್ತ

ಪರಶುರಾಂಪುರದ ಕಡೆಯ ಒಬ್ಬ ಕುರಿ ಕಾಯೋ ಯಜಮಾನ ಕಣ್ಣೆಲ್ಲ ಹಳದಿ ಮಾಡಿಕೊಂಡು ಬಂದಿದ್ದ. ಕಾಮಾಲೆ. ಇದು ಎಂಥ ಕಾಮಾಲೆ, ಎ ನೋ ಬಿ ನೋ ಅಂತ ನೋಡೋ ಪರೀಕ್ಷೆ ಆಗ ಇನ್ನೂ ನಮ್ಮಲ್ಲಿ ಇರಲಿಲ್ಲ. ರಕ್ತ ತೆಗೆದು, ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ಹಾಕಿ, ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸ್ತಿದ್ದೆವು. ನಾನು ಸೂಜಿ ತೆಗೆದು ಹತ್ತಿ ಒತ್ತಿದ ಮೇಲೆ ಯಜಮಾನ ಕೇಳಿದ.

“ಇದು ಎಲ್ಲಿಗೆ ಹೋಗ್ತೈತಪ್ಪ?”

“ಬೆಂಗಳೂರಿಗೆ.”

“ಅಬ್ಬಬ್ಬಾ! ಅರವತ್ತು ದಾಟ್ತು, ನಾನೇ ಹೋಗಿಲ್ಲ. ನನ್ ರಕ್ತ ಹೋಗ್ತೈತಾ!” ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಖುಷಿಯಾಗಿ ಹೋದ.

ನಾಲ್ಕನೇ ದಿನ ಬಂದ. ರಿಪೋರ್ಟು ಬಂದಿತ್ತು, ಬಿ ಅಲ್ಲ, ಹೆದರೋ ಅಂಥದ್ದಲ್ಲ ಅಂತ ವಿವರಿಸಿದೆ. ಕಾಗದ ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡ. ಎದ್ದು ಹೋಗಬೇಕಲ್ಲ, ಹೋಗಲ್ಲ! ತೋಳು ಮಡಚಿ ಮೇಜಿನ ಮೇಲೆ ಇಟ್ಟುಕೊಂಡು ಕೂತೇ ಇದ್ದ.

“ಇನ್ನೇನು ಯಜಮಾನ?”

“ಅಲ್ಲಪ್ಪ, ನೋಡಿದ್ದಾಯ್ತಲ್ಲ. ಈಗ ಅದನ್ನ ವಾಪಸ್ ಹಾಕಲ್ವಾ?”

ಮೂರು ಡಬ್ಬಿ ವಾಪಸ್

ಇಂಥವರನ್ನು ನೋಡಿ ನಗ್ತಾ ಇದ್ದವನು ನಾನು. ಮುಂದಿನ ತಿಂಗಳೇ ಹೆಪಟೈಟಿಸ್ ಬಿ ನೋಡೋ ಕಿಟ್ ನಮ್ಮ ಲ್ಯಾಬಿಗೂ ಬಂತು. ಬಹಳ ಸುಲಭ. ಒಂದು ಕಪ್ಪು ಗಾಜಿನ ಹಲಗೆ. ರಕ್ತ ಹೆಪ್ಪುಗಟ್ಟಿದ ಮೇಲೆ ನಿಲ್ಲೋ ತಿಳಿ ಒಂದು ಹನಿ, ಅದರ ಮೇಲೆ ಕಿಟ್ಟಿನ ಬಿಳಿ ಹಾಲಿನಂಥ ದ್ರವ ಒಂದು ಹನಿ. ಕಲೆಸಿ, ಹಲಗೆಯನ್ನು ಐದು ನಿಮಿಷ ಹಗೂರಕ್ಕೆ ತೂಗಬೇಕು. ಹಾಲು ಹಾಲಾಗೇ ಉಳಿದರೆ ಸೋಂಕಿಲ್ಲ. ಒಡೆದು ಹರಳು ಹರಳಾದರೆ ಸೋಂಕಿದೆ.

ಕಿಟ್ ಸರಿಯಾಗಿದೆಯೋ ಇಲ್ಲವೋ ನೋಡೋಕೆ ಡಬ್ಬಿಯಲ್ಲೇ ಎರಡು ಪುಟ್ಟ ಬಾಟಲಿ ಇಟ್ಟಿರ್ತಾರೆ. ಒಂದರ ಹನಿ ಒಡೆಯಲೇಬೇಕು, ಇನ್ನೊಂದರದು ಒಡೆಯಲೇಬಾರದು. ಆದರೆ ನಮ್ಮ ಬಿಸಿಲಲ್ಲಿ ದಾವಣಗೆರೆಯಿಂದ ಬಸ್ಸಿನಲ್ಲಿ ಬರೋವಷ್ಟರಲ್ಲಿ ಒಡೆಯಬಾರದ ಬಾಟಲಿ ಸೋರಿ ಖಾಲಿಯಾಗಿತ್ತು. ನಮ್ಮ ಕಸುಬಿನವರಿಗೆ ಇದೊಂದು ದೊಡ್ಡ ವಿಷಯವಲ್ಲ. ಅದರ ಬದಲು ಯಾರಾದರೂ ಆರೋಗ್ಯವಂತರ ರಕ್ತ ಆದರೂ ಸಾಕು. ನಾನಿಲ್ಲವೇ, ಗುಂಡುಕಲ್ಲು! ನನ್ನದೇ ತೋಳಿಗೆ ಸೂಜಿ ಹಾಕಿ, ನನ್ನದೇ ಒಂದು ಹನಿ ಬಿಟ್ಟು ತೂಗಿದೆ.

ಒಡೀತು.

“ಥೂ, ಕಿಟ್ ಕೆಟ್ಟೋಗೈತೆ” ಅಂತ ಡಬ್ಬಿ ವಾಪಸ್ ಕಳಿಸಿದೆ. ಎರಡನೇದು ಬಂತು, ಅದರಲ್ಲೂ ಆ ಬಾಟಲಿ ಸೋರಿತ್ತು, ನನ್ನ ಹನಿ ಅದರಲ್ಲೂ ಒಡೀತು, ಅದನ್ನೂ ಕಳಿಸಿದೆ. ಮೂರನೇದಕ್ಕೆ ಒಂದು ಪತ್ರವನ್ನೇ ಬರೆದೆ: ನಿಮ್ಮ ಮಾಲನ್ನು ಬಿಸಿಲಲ್ಲಿ ಇಟ್ಟು ನಮ್ಮ ಜನರ ಪ್ರಾಣದ ಜೊತೆ ಆಟ ಆಡ್ತಿದ್ದೀರಿ, ನಾಚಿಕೆ ಆಗಬೇಕು, ಇನ್ನೂ ಏನೇನೋ. ಪತ್ರ ಓದಿದ ಡೀಲರು ನಾಲ್ಕನೇ ಡಬ್ಬಿ ಹಿಡಿದು ತಾನೇ ಬಂದ. ಸಿಟ್ಟಿನಿಂದ ತನ್ನ ರಕ್ತವನ್ನೇ ಕೊಟ್ಟ. ಹಾಲು ಹಾಲಾಗೇ ಇತ್ತು. ಡಾಕ್ಟರು ಕೊಟ್ಟರು, ಹಾಲು. ಸಿಸ್ಟರು ಕೊಟ್ಟರು, ಹಾಲು. ಕಸ ಗುಡಿಸೋ ಆಯಮ್ಮನೂ ಕೊಟ್ಟಳು, ಹಾಲು. ನನ್ನದು ಮಾತ್ರ ಎರಡೇ ನಿಮಿಷಕ್ಕೆ ಹರಳು ಹರಳು.

ಆಗಲೂ ನನ್ನ ಬಾಯಿ ನಿಲ್ಲಲಿಲ್ಲ ನೋಡಿ. “ಸಾರ್, ಗಾಜಿನ ಆ ಮೂಲೇಲೇ ಏನೋ ದೋಷ ಐತೆ” ಅಂದೆ.

ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಮೂರು ಡಬ್ಬಿ ವಾಪಸ್ ಕಳಿಸಿದ್ಯಲ್ಲೋ ಮಾರಾಯ, ಈಗ ನಿನ್ನನ್ನ ಎಲ್ಲಿಗೆ ವಾಪಸ್ ಕಳಿಸ್ಲಿ ಹೇಳು!”

ಆ ಎಳೆ ತೆಗೀರಿ

ಎಲ್ಲರೂ ನಕ್ಕರು. ನನಗೆ ಮಾತ್ರ ಕಣ್ಣ ಮುಂದೆ ಎರಡು ನೀಲಿ ಕೈ ಬಂದು ನಿಂತವು. ಎಲ್ಲಿಂದ ಬಂತು ಅಂತ ಯೋಚಿಸೋದೇ ದಂಡ. ರಕ್ತವನ್ನು ಗಾಜಿನ ಕೊಳವೆಯಲ್ಲಿ ಬಾಯಿಂದ ಎಳೆದ ಕಾಲ ಅದು, ಕೈಗೆ ಸೂಜಿ ಚುಚ್ಚಿಕೊಳ್ಳದ ವಾರವೇ ಇರಲಿಲ್ಲ. ಮನೆಗೆ ಹೋದರೆ ಅವ್ವ ನನ್ನನ್ನು ಅಂಗಳದ ಬಿಸಿಲಿಗೆ ನಿಲ್ಲಿಸಿ, ಕಣ್ಣಿನ ರೆಪ್ಪೆ ಎಳೆದೆಳೆದು ನೋಡಿ, “ಒಂಚೂರೂ ಹಳದಿ ಇಲ್ಲ. ಆ ನಿನ್ ಗಾಜಿಗೇ ರೋಗ ಬಂದೈತೆ” ಅಂತ ತೀರ್ಪು ಕೊಟ್ಟಳು.

ಹೆಣ್ಣಿನ ಕಡೆಯವರಿಗೆ ಹೇಳದೆ ಮದುವೆ ಮಾಡಿಕೊಳ್ಳೋದು ತಪ್ಪು ಅಂತ ಡಾಕ್ಟರು ಅಂದರು. ನನಗೂ ಅದೇ ಅನ್ನಿಸಿತ್ತು. ಗುರುವಾರ ಮೊಳಕಾಲ್ಮೂರಿಗೆ ಹೋದೆವು. ಡಾಕ್ಟರು ಬಣ್ಣದ ಯಜಮಾನರನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ರಕ್ತದಲ್ಲಿ ಸೋಂಕು ಇದೆ, ಆದರೆ ಹುಡುಗ ಗಟ್ಟಿಯಾಗೇ ಇದ್ದಾನೆ, ಜೊತೆಗೆ ಕೂತು ಉಂಡರೆ ಅಂಟಲ್ಲ, ರಕ್ತದಿಂದ ಅಂಟುತ್ತೆ, ಗಂಡನಿಂದ ಹೆಂಡತಿಗೆ ಅಂಟುತ್ತೆ. ಒಳಗೆ ಮಗ್ಗದ ಸದ್ದು ನಿಂತುಹೋಯ್ತು. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ನನಗೆ ಗೊತ್ತಾಯ್ತು. ತಲೆ ತಗ್ಗಿಸಿಕೊಂಡು ಕೂತೆ.

ಯಜಮಾನರು “ಸರ್ಲೇ” ಅಂದರು. ಗಡಿ ಕಡೆಯವರು, ಯೋಚನೆ ಜಾಸ್ತಿ ಆದಾಗ ತೆಲುಗು ಬರ್ತಿತ್ತು; ಆಯ್ತು ಬಿಡಿ ಅಂತ ಅರ್ಥ. “ಹಾಸಿನ ನೂಲಲ್ಲಿ ಒಂದೆಳೆ ಕೆಟ್ಟಿದ್ರೆ ನಾವು ಸೀರೆ ಎಸೆಯಲ್ಲ ಡಾಕ್ಟ್ರೇ. ಆ ಎಳೆ ತೆಗೆದು ಗಂಟು ಹಾಕ್ತೀವಿ. ಆ ಎಳೆ ತೆಗೀರಿ.”

“ತೆಗೆಯೋಕೆ ಆಗಲ್ಲ ಯಜಮಾನ್ರೇ. ಎಲ್ಲ ಎಳೇಲೂ ಸೇರ್ಕೊಂಡಿದೆ. ಈಲಿಯೊಳಗೆ, ಅದೇ ಲಿವರಿನೊಳಗೆ, ಎಷ್ಟು ಕೂತಿದೆ ಅಂತ ಮಾತ್ರ ನೋಡಬಹುದು. ಬೆಂಗಳೂರಲ್ಲಿ ಈಲಿಯಿಂದ ದಾರದಷ್ಟು ತುಂಡು ತೆಗೆದು, ಬಣ್ಣದಲ್ಲಿ ಅದ್ದುತ್ತಾರೆ. ಸೋಂಕು ಕೂತ ಕಡೆ ಕಂದು ಬಣ್ಣ ಹತ್ತುತ್ತೆ, ಇಲ್ಲದ ಕಡೆ ಹತ್ತಲ್ಲ.”

ಅಲ್ಲಿಯವರೆಗೆ ಬಗ್ಗಿ ಕೂತಿದ್ದ ಯಜಮಾನರು ನೆಟ್ಟಗೆ ಕೂತರು. “ಬಣ್ಣಾನಾ? ಅದನ್ನ ಮೊದ್ಲೇ ಹೇಳಬಾರದಾ ಡಾಕ್ಟ್ರೇ! ಇಷ್ಟು ಹೊತ್ತು ಇಂಗ್ಲಿಷ್ ಔಷಧಿ ಏನೋ ಅಂತ ಹೆದರ್ಕೊಂಡು ಕೂತಿದ್ದೆ!”

ಕಾರ್ಜ

ಬೆಂಗಳೂರಿಗೆ ಹೋಗಿ ಮಲಗಿದೆ. ಪಕ್ಕೆಯಲ್ಲಿ ಉದ್ದನೆ ಸೂಜಿ ಹಾಕಿ ಈಲಿಯ ಚೂರು ತೆಗೆದರು. ಎರಡನೇ ದಿನ ಊರಿಗೆ ವಾಪಸ್. ಚೂರು ತೆಗೆದ ಸುದ್ದಿ ಮಾತ್ರ ನನಗಿಂತ ಮುಂಚೆ ಬಂದಿತ್ತು, ಬರ್ತಾ ಬರ್ತಾ ಬೆಳೆದಿತ್ತು. ನಾನು ಬಸ್ಸಿಳಿದಾಗ ಓಣಿಯಲ್ಲಿ ಅದು ಅರ್ಧ ಈಲಿ ಆಗಿತ್ತು.

ನಾಯಕನಹಟ್ಟಿಯಿಂದ ಸೋದರತ್ತೆ ಬಂದು ಕೂತಿದ್ದಳು. ಪಕ್ಕದಲ್ಲಿ ಮುತ್ತುಗದ ಎಲೆಯಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದರೆ ಇಡೀ ಒಂದು ಕುರಿಯ ಕಾರ್ಜ! ನಮ್ಮ ಕಡೆ ಮಾಂಸದಂಗಡಿಯಲ್ಲಿ ಈಲಿಗೆ ಹಾಗೇ ಅನ್ನೋದು.

“ತಗೊಂಡಿದ್ದು ತುಂಬಬೇಕಲ್ಲಪ್ಪಾ. ತಿನ್ನು” ಅಂದಳು.

“ಅತ್ತೆ, ಅವರು ತೆಗೆದಿದ್ದು ಒಂದು ದಾರದಷ್ಟು.”

“ದಾರಾನೋ ಹಗ್ಗಾನೋ, ಮೈಯಿಂದ ಹೋಗಿದ್ದು ಹೋಗಿದ್ದೇ. ಯಾವ ಕಡೆಯಿಂದ ತೆಗೆದ್ರು?”

“ಬಲಗಡೆ.”

ಅತ್ತೆ ಅವ್ವನ ಕಡೆ ತಿರುಗಿ, ಬಹಳ ಕಾಳಜಿಯಿಂದ ಹೇಳಿದಳು: “ಹಂಗಾದ್ರೆ ಊಟ ಆದ್ಮೇಲೆ ಬಲಮಗ್ಗುಲಿಗೇ ಮಲಗಿಸು ಕಣಕ್ಕ. ಇಲ್ಲಾಂದ್ರೆ ತಿಂದಿದ್ದು ಎಡಗಡೆಗೆ ಹೋಗಿಬಿಡ್ತೈತೆ!”

ಬಣ್ಣ ಸಮ ಹತ್ತಿಲ್ಲ

ರಿಪೋರ್ಟು ಬಂತು. ಅಲ್ಲೊಂದು ಇಲ್ಲೊಂದು ಕಣದಲ್ಲಿ ಬಣ್ಣ ಹತ್ತಿದೆ, ಈಲಿ ಮಾತ್ರ ಮೆತ್ತಗೆ, ಹಸನಾಗಿದೆ. ಮದ್ದೇನೂ ಬೇಡ, ಆರು ತಿಂಗಳಿಗೊಮ್ಮೆ ನೋಡಿಕೊಂಡರೆ ಸಾಕು. ಅದರ ಜೊತೆ ಗಾಜಿನ ಸ್ಲೈಡೂ ಬಂತು. ಯಜಮಾನರು ಹೇಳಿಕೇಳಿ ಬಣ್ಣದವರು, ಕಾಗದ ಮುಟ್ಟಲೇ ಇಲ್ಲ. “ನನ್ನ ಕಣ್ಣಲ್ಲಿ ನೋಡ್ದೆ ನಂಬಲ್ಲ” ಅಂತ ಬಸ್ಸು ಹತ್ತಿ ಚಳ್ಳಕೆರೆಗೇ ಬಂದರು.

ಸ್ಲೈಡನ್ನು ಮೈಕ್ರೋಸ್ಕೋಪಿಗೆ ಇಟ್ಟುಕೊಟ್ಟೆ. ರೇಷ್ಮೆ ಲಡಿಯನ್ನು ಬೆಳಕಿಗೆ ಹಿಡಿದು ನೋಡೋ ಹಾಗೇ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನೋಡಿದರು. ನನ್ನ ಒಳಗನ್ನು ನನಗೆ ಹೆಣ್ಣು ಕೊಡೋ ಮಾವನೇ ನೋಡ್ತಾ ಇದ್ದರೆ ಹೇಗಿರುತ್ತೆ ಹೇಳಿ! ಹೂಂ ಅಂತಾರೋ ಊಹೂಂ ಅಂತಾರೋ, ನನ್ನ ಬದುಕೇ ಆ ಒಂದು ಕಣ್ಣಿನಲ್ಲಿತ್ತು.

ತಲೆ ಎತ್ತಿ ಮುಖ ಸಿಂಡರಿಸಿದರು. “ಬಣ್ಣ ಸಮ ಹತ್ತಿಲ್ಲ. ಇಂಥ ನೂಲನ್ನ ನಾನು ಮಗ್ಗಕ್ಕೇ ಏರಿಸಲ್ಲ.”

“ಯಜಮಾನ್ರೇ, ಹತ್ತದೇ ಇರೋದೇ ಒಳ್ಳೇದು!” ಅಂತ ಡಾಕ್ಟರು ಕೂಗಿದರು.

“ಅದು ನಿಮ್ಮ ಲೆಕ್ಕ. ಆದ್ರೂ ಹಾಕಿದೋನು ಸರಿಯಾಗಿ ಹಾಕಬೇಕಲ್ರೀ. ಯಾರ್ರೀ ಅವನು ಬೆಂಗಳೂರಲ್ಲಿ? ಒಂದು ವಾರ ನಮ್ಮನೆಗೆ ಕಳಿಸಿ, ಕಲಿಸಿಕೊಡ್ತೀನಿ!”

ಗುರುವಾರ ಜಾಸ್ತಿ

ಕೊನೆಗೆ ಯಜಮಾನರು ಒಂದು ತೀರ್ಮಾನ ಹೇಳಿದರು. ಹೆಂಡತಿಯಾಗೋಳಿಗೆ ಮೊದಲೇ ಲಸಿಕೆ ಹಾಕಿಸಿದರೆ ಅಂಟಲ್ಲ ಅಂತ ಡಾಕ್ಟರು ಅವತ್ತೇ ಹೇಳಿದರು, ಸರಿ, ಹುಡುಗಿಗೆ ಹಾಕಿಸೋದು. ಇವತ್ತೊಂದು, ತಿಂಗಳಿಗೊಂದು, ಆರು ತಿಂಗಳಿಗೊಂದು, ಒಟ್ಟು ಮೂರು ಸೂಜಿ. ಅಲ್ಲಿಯವರೆಗೆ ನಾನು ಮೊಳಕಾಲ್ಮೂರಿನ ಕಡೆ ತಲೆ ಹಾಕಬಾರದು. ಮೂರೂ ಮುಗಿದ ಮೇಲೆ, ಅವರು ಇನ್ನೊಂದು ಸಲ ಯೋಚಿಸಿ, ಹೂಂ ಅಂದರೆ ಹೂಂ, ಇಲ್ಲವಾದರೆ ಇಲ್ಲ. ಮಾತಾಡಿದರೆ ಅಂಟಲ್ಲ ಅಂತ ಡಾಕ್ಟರು ಎಷ್ಟು ಹೇಳಿದರೂ, “ಇರ್ಲಿ, ಹುಷಾರಾಗಿರೋದ್ರಲ್ಲಿ ತಪ್ಪೇನೈತೆ” ಅಂದುಬಿಟ್ಟರು.

ಆ ಆರು ತಿಂಗಳನ್ನು ಹೇಗೆ ಕಳೆದೆ ಅಂತ ಕೇಳಬೇಡಿ. ಗುರುವಾರ ಬೆಳಿಗ್ಗೆ ಡಾಕ್ಟರ ಕಾರು ಹೊರಟರೆ, ಅದು ದಾರಿಯಲ್ಲಿರೋ ಹಾನಗಲ್ ದಾಟಿತು, ಈಗ ಊರು ಸೇರಿತು, ಈಗ ಕಾಫಿ ಬಂತು ಅಂತ ಲ್ಯಾಬಿನಲ್ಲೇ ಕೂತು ಎಣಿಸ್ತಿದ್ದೆ. ನಾನಿಲ್ಲ ಅಂತ ಅಲ್ಲಿ ರಕ್ತದ ಬಾಟಲಿಗಳಿಗೆ ಚೀಟಿ ಬರೆದು ಅಂಟಿಸೋ ಕೆಲಸ ಅವಳಿಗೆ ಬಿತ್ತು. ಸಂಜೆ ಫ್ಲಾಸ್ಕು ತೆಗೆದರೆ ಹತ್ತು ಹನ್ನೆರಡು ಬಾಟಲಿ, ಎಲ್ಲದರ ಮೇಲೂ ಅವಳ ದುಂಡನೆ ಅಕ್ಷರ. ಯಾರದೋ ಹೆಸರು, ಯಾರದೋ ವಯಸ್ಸು, ಯಾರದೋ ಊರು. ನಾನು ಅದನ್ನೇ ಪ್ರೇಮಪತ್ರ ಅಂತ ಓದ್ತಿದ್ದೆ. ಪರೀಕ್ಷೆ ಮುಗಿದ ಮೇಲೆ ಬಾಟಲಿ ಕುದಿಯೋ ನೀರಿಗೆ, ಚೀಟಿ ನನ್ನ ಡೈರಿಗೆ. ಅವಳಿಗೆ ಎರಡನೇ ಸೂಜಿ ಬಿದ್ದ ವಾರ ಅಕ್ಷರ ಸ್ವಲ್ಪ ಸೊಟ್ಟಗಿತ್ತು. ಅವಳ ತೋಳು ನೋಯ್ತಿದೆ ಅಂತ ನಾನು ಊಟ ಬಿಟ್ಟೆ.

ಒಂದು ಗುರುವಾರ ಫ್ಲಾಸ್ಕಿನಲ್ಲಿ ಒಂದು ಖಾಲಿ ಬಾಟಲಿ ಬಂತು. ಚೀಟಿಯಲ್ಲಿ ಹೆಸರಿಲ್ಲ, ಊರಿಲ್ಲ. “ಹಸಿವು ಹೇಗಿದೆ? ನಿದ್ರೆ ಹೇಗಿದೆ?” ಅಂತ ಮಾತ್ರ ಇತ್ತು. ಏನು ಮಾಡಲಿ, ನಮ್ಮಲ್ಲಿ ಬಾಟಲಿ ಬಂದರೆ ರಿಪೋರ್ಟು ಹೋಗಲೇಬೇಕು. ರಿಪೋರ್ಟ್ ಹಾಳೆ ತೆಗೆದು ನೀಟಾಗಿ ಬರೆದೆ: ಹಸಿವು, ಇಲ್ಲ. ನಿದ್ರೆ, ಇಲ್ಲ. ಎದೆಯಲ್ಲಿ ಸಂಕಟ, ಇದೆ. ಗುರುವಾರ ಜಾಸ್ತಿ.

ರಿಪೋರ್ಟುಗಳನ್ನು ಹಂಚೋದು ಅವಳೇ ಅಂದುಕೊಂಡಿದ್ದೆ. ಆ ಗುರುವಾರ ಯಜಮಾನರೇ ಕೈಗೆ ತಗೊಂಡಿದ್ದಾರೆ! ಮುಂದೆ ಆದದ್ದನ್ನು ಡಾಕ್ಟರು ಬಂದು ಹೊಟ್ಟೆ ಹಿಡಿದುಕೊಂಡು ಹೇಳಿದರು. ಕೋಣೆ ತುಂಬ ಜನ. ಯಜಮಾನರು ಕಟ್ಟೆ ಮೇಲೆ ನಿಂತು ಗಟ್ಟಿಯಾಗಿ ಓದಿದರಂತೆ. “ಇದಕ್ಕೆ ಹೆಸರಿಲ್ಲ. ಹಸಿವಿಲ್ಲ, ನಿದ್ರೆ ಇಲ್ಲ, ಎದೆ ಸಂಕಟ, ಗುರುವಾರ ಜಾಸ್ತಿ ಅಂತ ಐತೆ. ಯಾರದ್ರೀ ಇದು?”

ಒಳಗೆ ಮಗ್ಗ ನಿಂತು, ಯಾರೋ ಬಾಯಿಗೆ ಸೆರಗು ಒತ್ತಿಕೊಂಡ ಸದ್ದು. ಹೊರಗೆ ಮೂರು ಜನ ಮುದುಕರು ಒಟ್ಟಿಗೆ ಕೈ ಎತ್ತಿದರಂತೆ: “ನಂದೇ, ನಂದೇ! ಕೊಡ್ರೀ ಇಲ್ಲಿ!”

ಎರಡು ಹನಿ

ಮೂರನೇ ಸೂಜಿಯೂ ಆಗಿ ಒಂದು ತಿಂಗಳಿಗೆ ಯಜಮಾನರು ಮಗಳನ್ನು ಕರೆದುಕೊಂಡು ಲ್ಯಾಬಿನ ಬಾಗಿಲಿಗೆ ಬಂದರು. ಏಳು ತಿಂಗಳಾದ ಮೇಲೆ ಅವಳನ್ನು ನೋಡಿದೆ. ಕೈ ಆ ದಿನ ಅರಿಶಿನ ಬಣ್ಣಕ್ಕಿತ್ತು. “ಕೂತ್ಕೊಳ್ಳಿ” ಅಂತ ಕುರ್ಚಿ ಎಳೆದೆ.

ಯಜಮಾನರು ಕೂರಲಿಲ್ಲ. “ಮಾತು ಸಾಕು. ಇವನದೊಂದು ಹನಿ, ನನ್ನ ಮಗಳದೊಂದು ಹನಿ, ಪಕ್ಕಪಕ್ಕ ಹಾಕಿ ನನಗೆ ತೋರಿಸ್ರಿ” ಅಂದರು.

ಅವಳ ತೋಳಿಗೆ ಸೂಜಿ ಹಾಕೋಕೆ ನನ್ನ ಕೈ ಬರಲಿಲ್ಲ, ಸಿಸ್ಟರು ತೆಗೆದುಕೊಟ್ಟರು. ಕಪ್ಪು ಹಲಗೆಯ ಮೇಲೆ ಅಕ್ಕಪಕ್ಕ ಎರಡು ಹನಿ ಬಿಟ್ಟು, ಬಿಳಿ ದ್ರವ ಹಾಕಿ ತೂಗಿದೆ. ನನ್ನದು ಎರಡೇ ನಿಮಿಷಕ್ಕೆ ಒಡೆದು ಹರಳಾಯ್ತು. ಅವಳದು ಐದು ನಿಮಿಷವಾದರೂ ಕೆನೆಹಾಲು. ಯಜಮಾನರು ಅದನ್ನೊಮ್ಮೆ ಇದನ್ನೊಮ್ಮೆ ನೋಡಿದರು. ಮುಖ ಬಾಡಿಹೋಯ್ತು. ಮುಗೀತು, ಬೇಡ ಅಂತಾರೆ ಅಂದುಕೊಂಡೆ. ಅವಳೂ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ತಾ ನಿಂತಿದ್ದಳು.

“ಈಗ ಎರಡನ್ನೂ ಕಲೆಸು” ಅಂದರು ಯಜಮಾನರು.

“ಅಂದ್ರೆ?”

“ಮದುವೆ ಅಂದ್ರೆ ಕಲೆಸೋದೇ ತಾನೆ? ಕಲೆಸು. ಯಾರದ್ದು ಯಾರಿಗೆ ಹತ್ತುತ್ತೆ ನೋಡೇಬಿಡೋಣ.”

ಇಂಥ ಪರೀಕ್ಷೆ ಯಾವ ಪುಸ್ತಕದಲ್ಲೂ ಇಲ್ಲ. ಡಾಕ್ಟರ ಮುಖ ನೋಡಿದೆ, ಅವರು ಕಣ್ಣಲ್ಲೇ “ಮಾಡು” ಅಂದರು. ನನ್ನದು ಅರ್ಧ ಹನಿ, ಅವಳದು ಅರ್ಧ ಹನಿ ಸೇರಿಸಿ, ಬಿಳಿ ದ್ರವ ಹಾಕಿ ತೂಗಿದೆ. ಎರಡು ನಿಮಿಷ ಆಯ್ತು. ಒಡೀಲಿಲ್ಲ. ಯಾಕೆ ಒಡೀಲಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ನನ್ನದು ಅರ್ಧಕ್ಕರ್ಧ ತೆಳುವಾಗಿತ್ತು, ಅದಕ್ಕೇ ತಡ. ಅವಳ ಹನಿಯ ಬದಲು ಕೊಳಾಯಿ ನೀರು ಹಾಕಿದ್ದರೂ ಹೀಗೇ ಆಗ್ತಿತ್ತು.

ಯಜಮಾನರು ತೊಡೆ ತಟ್ಟಿದರು. “ನೋಡಿದ್ರಾ! ನನ್ನ ಮಗಳು ಸೇರಿದ್ದಕ್ಕೆ ಇವನು ಒಡೆಯೋದು ನಿಂತೋಯ್ತು! ಆಯ್ತು ಬಿಡ್ರಿ, ಮದುವೆ ಮಾಡಿಬಿಡೋಣ!”

ಏಳು ತಿಂಗಳಿಂದ ಕಾದಿದ್ದ ಮಾತು. ಆದರೆ ನನ್ನ ಹಾಳು ಬಾಯಿ ನೋಡಿ, “ಇನ್ನೂ ಮೂರು ನಿಮಿಷ ಬಾಕಿ...” ಅಂತ ಶುರು ಮಾಡೇಬಿಟ್ಟೆ. ಡಾಕ್ಟರು ಬೂಟುಗಾಲಲ್ಲಿ ನನ್ನ ಪಾದ ಮೆಟ್ಟಿದರು. ಹಾಗೇ ಹಲಗೆ ಎತ್ತಿ ಸಿಂಕಿಗೆ ಹಾಕಿ ನೀರು ಬಿಟ್ಟರು. ಆಗ ಅವಳು ಮೊದಲ ಸಲ ನನ್ನ ಕಡೆ ನೇರವಾಗಿ ನೋಡಿ, ಮೆಲ್ಲಗೆ ಅಂದಳು: “ನಾನು ಮೂರು ಸೂಜಿ ಚುಚ್ಚಿಸ್ಕೊಂಡು ಬಾಯಿ ಮುಚ್ಚಿಕೊಂಡಿದ್ದೀನಿ. ನಿಮಗೆ ಮೂರು ನಿಮಿಷ ಸುಮ್ನಿರೋಕೆ ಆಗಲ್ವಾ?”

ಮದುವೆ ಆಯ್ತು, ಮಕ್ಕಳಾದವು. ಹುಟ್ಟಿದ ದಿನವೇ ಅವಕ್ಕೂ ಲಸಿಕೆ ಹಾಕಿಸಿದೆವು. ಲ್ಯಾಬಿನಲ್ಲಿ ಹೊಸ ಡಬ್ಬಿ ಬಂದಾಗ ಪುಟ್ಟ ಬಾಟಲಿಗಳನ್ನು ಹುಡುಕೋದನ್ನೇ ಬಿಟ್ಟೆ. ಒಡೆಯಲೇಬೇಕಾದ ಹನಿ ನನ್ನದು, ಒಡೆಯಬಾರದ ಹನಿ ಅವಳದು.

ಆದರೆ ಆ ಎರಡು ನಿಮಿಷದ ಮೋಸ ನನ್ನ ಎದೆಯಲ್ಲಿ ಚುಚ್ಚುತ್ತಲೇ ಇತ್ತು. ಮಾವ ಈಗಿಲ್ಲ. ಆ ಮನೆಗೆ ಹೋದರೆ ಹಿತ್ತಿಲ ಹಂಡೆಗಳನ್ನು ನೋಡಿ, ಅವರ ಒಂದು “ಸರ್ಲೇ” ಕೇಳೋಕೆ ಈಗಲೂ ಜೀವ ಹಂಬಲಿಸುತ್ತೆ. ಅವರು ಹೋಗೋಕೆ ಒಂದು ವರ್ಷ ಮುಂಚೆ, ಅದೇ ಹಿತ್ತಿಲಲ್ಲಿ ಅವರು ಹಂಡೆಯಲ್ಲಿ ಬಣ್ಣ ಕದಡ್ತಾ ಇದ್ದಾಗ ಧೈರ್ಯ ಮಾಡಿ ಹೇಳಿಬಿಟ್ಟೆ.

“ಮಾವ, ತಪ್ಪಾಯ್ತು. ಅವತ್ತು ಎರಡು ಹನಿ ಕಲೆಸಿದಾಗ ಒಡೀಲಿಲ್ಲವಲ್ಲ, ಅದು ಲಸಿಕೆಯಿಂದ ಅಲ್ಲ. ಬರೀ ನೀರು ಹಾಕಿದ್ರೂ ಹಂಗೇ ಆಗ್ತಿತ್ತು. ತೆಳುವಾಗಿತ್ತು, ಅಷ್ಟೇ.”

ಮಾವ ಕೋಲು ತಿರುಗಿಸೋದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಅಲ್ರೀ ಅಳಿಯಂದ್ರೇ, ನಲವತ್ತು ವರ್ಷ ಬಣ್ಣ ಕಲೆಸಿದೋನಿಗೆ, ನೀರು ಹಾಕಿದ್ರೆ ತೆಳುವಾಗುತ್ತೆ ಅಂತ ನೀವು ಹೇಳಿಕೊಡ್ತೀರಾ? ಹೂಂ ಅನ್ನೋಕೆ ನಂಗೂ ಒಂದು ನೆಪ ಬೇಕಿತ್ತು. ಆ ‘ಗುರುವಾರ ಜಾಸ್ತಿ’ ರಿಪೋರ್ಟು ಓದಿದಾಗ್ಲೇ ಹೂಂ ಅಂತಿದ್ದೆ, ಆದ್ರೆ ಆ ಮೂವರು ಮುದುಕರು ಅಡ್ಡ ಬಂದ್ರು!”